ನಾನು ಕೆಡಿಸಿದ ಸಿಹಿನೀರಿನ ಬಾವಿ

ಒಂದು ಬಾವಿ ಕೆಡಿಸಿದವನು ನಾನು. ಆ ತಪ್ಪನ್ನು ಹೊತ್ತವನು ಇನ್ನೊಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲಾದರೂ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಇಷ್ಟು ವರ್ಷ ಕಂಟ್ರಾಕ್ಟರ್ ಆಗಿದ್ದವನಿಗೆ ಬರದೆ ಇನ್ಯಾರಿಗೆ ಬರಬೇಕು?

ನನ್ನ ಮನೆ ಸಕಲೇಶಪುರ ಪೇಟೆಯಲ್ಲಿ. ಅಪ್ಪನ ಕಾಲದಲ್ಲಿ ಲಾರಿ ಇತ್ತು, ನನ್ನ ಕಾಲಕ್ಕೆ ಕಟ್ಟಡದ ಕೆಲಸ ಬಂತು. ಮನೆಯೊಳಗೆ ಬ್ಯಾರಿ ಮಾತು, ಬಾಗಿಲು ದಾಟಿದರೆ ಕನ್ನಡ. ಕೆಲಸವೆಲ್ಲ ಹಾನುಬಾಳು, ವನಗೂರು ಕಡೆಯ ಎಸ್ಟೇಟ್‌ಗಳಲ್ಲಿ. ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟು ಹಾಕುವುದು, ಆಳುಗಳ ಲೈನ್ ಮನೆ ಕಟ್ಟುವುದು, ಇಳಿಜಾರಿನ ರಸ್ತೆ ಜಾರಿಹೋಗದಂತೆ ಕಲ್ಲಿನ ತಡೆಗೋಡೆ ಎಬ್ಬಿಸುವುದು. ಕೋಪ ನನಗೆ ಮೂಗಿನ ತುದಿಯಲ್ಲೇ. ಹೆಂಡತಿ ಹೇಳುವಂತೆ ನನ್ನ ಹತ್ತಿರ ಮಾತಾಡುವವರು ಮೊದಲು ಒಂದು ಹೆಜ್ಜೆ ಹಿಂದೆ ನಿಂತುಕೊಳ್ಳಬೇಕು.

ಆ ಕೋಪವೇ ನನ್ನನ್ನು ದ್ವೀಪಕ್ಕೆ ಕಳಿಸಿದ್ದು. ಒಂದು ಮಳೆಗಾಲ ಒಂದು ಎಸ್ಟೇಟಿನಲ್ಲಿ ಗುಡ್ಡ ಜರಿದು ನಾನು ಕಟ್ಟಿದ ಗೋಡೆಯೂ ಅದರ ಜೊತೆ ಕೆಳಗೆ ಹೋಯಿತು. ಗೋಡೆಯ ಮೇಲ್ಗಡೆ ಚರಂಡಿ ತೆಗೆಸಿ, ಇಲ್ಲದಿದ್ದರೆ ನೀರು ಗುಡ್ಡವನ್ನೇ ತಳ್ಳುತ್ತದೆ ಎಂದು ನಾನು ಮೊದಲೇ ಬಡಕೊಂಡಿದ್ದೆ. ಅದು ಎಸ್ಟೇಟಿನ ಸಾಹುಕಾರರಿಗೆ ದಂಡದ ಖರ್ಚಾಗಿ ಕಂಡಿತ್ತು. ಗೋಡೆ ಬಿದ್ದ ಮೇಲೆ ಲೆಕ್ಕ ಬರೆಯುವ ರೈಟರ್, ಆಳುಕಾಳು ಎಲ್ಲರ ಎದುರಿಗೆ ನನ್ನನ್ನು ನಿಲ್ಲಿಸಿಕೊಂಡು, "ಏನಪ್ಪಾ, ಇದನ್ನ ಗೋಡೆ ಅಂತಾರಾ?" ಅಂದರು. ತಮ್ಮ ತಪ್ಪಿಗೆ ನನ್ನ ಮೇಲೆ ಗೂಬೆ ಕೂರಿಸಿದರು. ಮೈಯೆಲ್ಲ ಉರಿದುಹೋಯಿತು. ಅದೇ ವಾರ ಕೇರಳದ ಒಬ್ಬ ದೊಡ್ಡ ಕಂಟ್ರಾಕ್ಟರರಿಂದ ಫೋನ್ ಬಂತು. ಲಕ್ಷದ್ವೀಪದ ಒಂದು ಪುಟ್ಟ ದ್ವೀಪದಲ್ಲಿ ಎಂಟು ಕೋಣೆಯ ಅತಿಥಿಗೃಹ ಕಟ್ಟಬೇಕು, ಅಲ್ಲಿಗೆ ಬರುವವರು ಯಾರೂ ಸಿಗುತ್ತಿಲ್ಲ, ನೀವು ಬರುತ್ತೀರಾ ಎಂದು. ಹೂಂ ಅಂದೆ. ಈ ಗುಡ್ಡವೂ ಬೇಡ, ಈ ಸಾಹುಕಾರರೂ ಬೇಡ, ಹಾಳಾಗಿ ಹೋಗಲಿ ಅನ್ನಿಸಿತ್ತು.

ಹಾನುಬಾಳು ಕಡೆಯ ನಾಲ್ಕು ಜನ ಗಾರೆ ಕೆಲಸದವರನ್ನು ಒಪ್ಪಿಸಿದೆ. ಐದನೆಯವನು ಹೆಗ್ಗದ್ದೆ ಊರಿನವನು, ಬಾವಿ ತೋಡುವವನು. ಅರವತ್ತರ ಹತ್ತಿರದ ಆಳು, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅಣ್ಣಾ ಎನ್ನುತ್ತಿದ್ದೆ, ಅವನು ಸಾಬ್ರೇ ಎನ್ನುತ್ತಿದ್ದ. ಅಣ್ಣ ಎಂದರೂ ಏಕವಚನವೇ. ಕಂಟ್ರಾಕ್ಟರ್ ಮತ್ತು ಆಳಿನ ನಡುವೆ ನಮ್ಮ ಕಡೆ ನಡೆಯುವುದೇ ಹಾಗೆ. ಪಾಯ, ಗುಂಡಿ, ಟ್ಯಾಂಕು ಎಂದು ಮಣ್ಣಿನ ಕೆಲಸ ಬಹಳ ಇತ್ತು. ಘಟ್ಟದಂಚಿನ ಊರುಗಳಲ್ಲಿ ಅವನಿಗೆ ದೊಡ್ಡ ಹೆಸರು. ಹಾರೆಯಲ್ಲಿ ಮೀಟಿ ಒಂದು ಹಿಡಿ ಮಣ್ಣು ಎತ್ತಿ, ಚಿಟಿಕೆಯಷ್ಟು ನಾಲಿಗೆಗೆ ಮುಟ್ಟಿಸಿ, ಉಗಿದು, ನೀರು ಇನ್ನೆಷ್ಟು ಕೆಳಗಿದೆ ಎಂದು ಹೇಳುತ್ತಿದ್ದ. ಅವನು ತೋಡಿದ ಬಾವಿಯಲ್ಲಿ ನೀರು ಬರಲಿಲ್ಲ ಎಂದಾಗಲಿ, ಬಂದ ನೀರು ಕೆಟ್ಟಿತು ಎಂದಾಗಲಿ ಆ ಸೀಮೆಯಲ್ಲಿ ಯಾರೂ ಹೇಳಿದ್ದಿಲ್ಲ. ಅವನ ಹತ್ತಿರ ಇದ್ದ ಆಸ್ತಿ ಅಂದರೆ ಆ ಹೆಸರು ಒಂದೇ.

ಸಿಮೆಂಟು, ಜಲ್ಲಿ, ಮರಳು ಮಂಗಳೂರಿನ ಹಳೆ ಬಂದರಿನಿಂದ ಮಂಜಿಯಲ್ಲಿ ಹೋದವು. ಮಂಜಿ ಅಂದರೆ ಸರಕು ಸಾಗಿಸುವ ದೊಡ್ಡ ಮರದ ದೋಣಿ. ನಾವು ಕೊಚ್ಚಿಯಿಂದ ಹಡಗು ಹತ್ತಿದೆವು. ಆ ದ್ವೀಪಕ್ಕೆ ಸುಮ್ಮನೆ ಹೋಗಿ ಇಳಿಯುವಂತಿಲ್ಲ, ಪ್ರತಿಯೊಬ್ಬನಿಗೂ ಪರವಾನಗಿ ಬೇಕು. ಐದೂ ಜನರ ಕಾಗದ ನನ್ನ ಹೆಸರಿನ ಕೆಳಗೇ ಇತ್ತು. ಅವರು ಅಲ್ಲಿ ಇರುವುದು, ಬಿಡುವುದು, ವಾಪಸ್ ಹಡಗು ಹತ್ತುವುದು ಎಲ್ಲ ನನ್ನ ಕೈಯಲ್ಲಿ. ಆಗ ಅದು ನನಗೆ ಜವಾಬ್ದಾರಿ ಎನಿಸಿತ್ತು. ಜವಾಬ್ದಾರಿ ಅಲ್ಲ, ಅಧಿಕಾರ ಎನ್ನುವುದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು.

ದ್ವೀಪ ಅಂದರೆ ಎಷ್ಟು ಚಪ್ಪಟೆ ಎಂದು ಗುಡ್ಡದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಹತ್ತಲು ಒಂದು ದಿಣ್ಣೆ ಇಲ್ಲ, ಇಳಿಯಲು ಒಂದು ಹಳ್ಳ ಇಲ್ಲ. ಈ ತುದಿಯಿಂದ ಆ ತುದಿಗೆ ಒಂದು ಗಂಟೆ ನಡೆದರೆ ಊರು ಮುಗಿಯಿತು. ತೆಂಗು, ಬಿಳಿ ಮರಳು, ಆಮೇಲೆ ಸಮುದ್ರ. ನೋಡಲು ಚೆಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಹದಿನೈದು ದಿನಕ್ಕೆ ನಮ್ಮವರಿಗೆ ಅಲ್ಲಿ ಉಸಿರುಕಟ್ಟಿತು. ಸಂಜೆ ಕೆಲಸ ಬಿಟ್ಟ ಮೇಲೆ ದ್ವೀಪವನ್ನು ಒಂದು ಸುತ್ತು ಹಾಕಿ ಬಂದು ಕೂತು, "ಎಲ್ ನೋಡುದ್ರೂ ನೀರೇ, ಬಾಯಿಗೆ ಹಾಕ್ಕಳಂಗಿಲ್ಲ, ಇದೆಂಥ ಊರು ಮಾರಾಯ" ಎಂದು ಬೈದುಕೊಳ್ಳುತ್ತಿದ್ದರು. ತರಕಾರಿ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ದಿನಾ ಅಲ್ಲಿನ ಸೂರೆ ಮೀನೇ ಊಟಕ್ಕೆ. ಬಿಸಿಲು ಮರಳಿಗೆ ಬಡಿದು ವಾಪಸ್ ಕಣ್ಣಿಗೆ ಹೊಡೆಯುತ್ತಿತ್ತು. ಕಬ್ಬಿಣಕ್ಕೆ ಉಪ್ಪುಗಾಳಿ ತಾಗಿ ವಾರದಲ್ಲಿ ತುಕ್ಕು ಹಿಡಿಯುತ್ತಿತ್ತು. ಕೂತರೆ ನಿಂತರೆ ನಾನು ರೇಗುತ್ತಿದ್ದೆ.

ನಮ್ಮ ಕೆಲಸದ ಜಾಗಕ್ಕೆ ಅಂಟಿಕೊಂಡಂತೆ ಒಬ್ಬ ಮುದುಕಿಯ ಮನೆ. ಎಪ್ಪತ್ತು ದಾಟಿದ ಹೆಂಗಸು, ಎಲ್ಲರಂತೆ ನಾವೂ ಉಮ್ಮ, ಅಂದರೆ ಅಮ್ಮ, ಎಂದೇ ಕರೆದೆವು. ಆ ದ್ವೀಪದಲ್ಲಿ ಮನೆ ಹೆಂಗಸರದು. ತಾಯಿಯಿಂದ ಮಗಳಿಗೆ ಬರುತ್ತದೆ, ಗಂಡಂದಿರು ಬಂದು ಹೋಗುವವರು. ಉಮ್ಮನ ಗಂಡ ತೀರಿಹೋಗಿದ್ದ, ಮಗಳು ಮೊಮ್ಮಗಳು ಜೊತೆಗಿದ್ದರು. ಅಂಗಳದಲ್ಲಿ ಬಾವಿ, ಅದೂ ಅವರ ತಾಯಿಯ ತಾಯಿಯ ಕಾಲದ್ದು. ಬಾವಿ ಅಂದರೆ ನಗು ಬರಬೇಕು, ಒಂದಾಳುದ್ದ ಆಳ ಇಲ್ಲ. ತಳದಲ್ಲಿ ಮೊಣಕಾಲು ಮುಳುಗುವಷ್ಟು ನೀರು. ಆದರೆ ಆ ನೀರು ಸಿಹಿ ಅಂದರೆ ಸಿಹಿ. ಅಕ್ಕಪಕ್ಕದ ನಾಲ್ಕು ಮನೆಯವರು ಅಲ್ಲಿಂದಲೇ ಸೇದುತ್ತಿದ್ದರು. ಉಮ್ಮ ನಮಗೂ ದಿನಕ್ಕೆ ಇಷ್ಟು ಬಕೆಟ್ ಎಂದು ಗೊತ್ತು ಮಾಡಿ ಕೊಟ್ಟರು. ಚಿಕ್ಕ ಬಕೆಟ್ಟಿನಲ್ಲಿ, ಮೆಲ್ಲಗೆ, ನೀರು ಕದಡದಂತೆ ಸೇದಬೇಕು. ಮೋಟಾರು ಇಡಕೂಡದು. ಅದು ಅವರ ಕಾನೂನು.

ನನ್ನ ಬ್ಯಾರಿ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು. ಒಂದು ತಿಂಗಳಲ್ಲಿ ಆ ಅರ್ಧ ಮುಕ್ಕಾಲಾಯಿತು. ಉಳಿದ ಐವರಿಗೆ ಒಂದಕ್ಷರವೂ ಇಲ್ಲ. ಏನೇ ಬೇಕಿದ್ದರೂ ನನ್ನ ಬಾಯಿಂದಲೇ ಹೋಗಬೇಕು, ನನ್ನ ಬಾಯಿಂದಲೇ ಬರಬೇಕು.

ಆದರೂ ಅಣ್ಣನಿಗೂ ಉಮ್ಮನಿಗೂ ಅದು ಹೇಗೋ ಒಂದು ಸ್ನೇಹ ಕುದುರಿತು. ಅಣ್ಣ ಸೋಮವಾರ ಮೀನು ಮುಟ್ಟುವವನಲ್ಲ. ಒಂದು ಸೋಮವಾರ ಅವನು ಬರೀ ಅನ್ನಕ್ಕೆ ಉಪ್ಪು ಕಲಸಿ ತಿನ್ನುತ್ತಿದ್ದುದನ್ನು ಉಮ್ಮ ಬೇಲಿಯಾಚೆಯಿಂದ ನೋಡಿದರು. ಮುಂದಿನ ಸೋಮವಾರದಿಂದ ಮೊಮ್ಮಗಳ ಕೈಯಲ್ಲಿ ಗಂಜಿ, ತೆಂಗಿನಕಾಯಿ ಚಟ್ನಿ, ಒಂದೊಂದು ದಿನ ನುಗ್ಗೆಸೊಪ್ಪಿನ ಪಲ್ಯ ಬರತೊಡಗಿತು. ಅವನಿಗೆ ಮಾತ್ರ. ನಾವು, "ಏನಣ್ಣೋ, ಅತ್ತೆಮನೆ ಸಿಕ್ತಲ್ಲ" ಎಂದು ಕಾಡಿಸುತ್ತಿದ್ದೆವು. ಅವನು ಬಾವಿಗೆ ಬಿದ್ದ ಗರಿ ಕಸ ತೆಗೆದು, ಕಟ್ಟೆಯ ಸಡಿಲ ಕಲ್ಲುಗಳನ್ನು ಗಟ್ಟಿ ಕೂರಿಸಿಕೊಟ್ಟ. ಒಂದು ದಿನ ಬಾವಿಯೊಳಗೆ ಬಗ್ಗಿ ಬಹಳ ಹೊತ್ತು ನೋಡುತ್ತಿದ್ದವನು, "ಸಾಬ್ರೇ, ಇದು ನಮ್ ಬಾವಿ ತರ ಅಲ್ಲ ಕಣ್ರೀ. ಬೆಳಿಗ್ಗೆ ಒಂದ್ ಗೇಣು ಮೇಲೈತೆ, ಮಧ್ಯಾಹ್ನ ಕೆಳಗೈತೆ. ಉಸಿರಾಡ್ತೈತೆ ಇದು" ಎಂದ. ಸಮುದ್ರದ ಏರಿಳಿತದ ಜೊತೆ ಬಾವಿಯೂ ಏರಿ ಇಳಿಯುತ್ತಿತ್ತು. ಅವನು ಅದನ್ನು ಕಂಡ. ಕಂಡಿದ್ದನ್ನು ನನಗೆ ಹೇಳಿದ. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಏಪ್ರಿಲ್ ಬಂತು. ಮೇ ನಡುವಿಗೆ ಸಮುದ್ರ ಕೆರಳುತ್ತದೆ, ಮಂಜಿಗಳು ನಿಲ್ಲುತ್ತವೆ. ಅಷ್ಟರೊಳಗೆ ಮೋಲ್ಡ್ ಹಾಕಿ, ಅಂದರೆ ತಾರಸಿಯ ಕಾಂಕ್ರೀಟು ಸುರಿದು, ಅದಕ್ಕೆ ದಿನಾ ನೀರು ಕುಡಿಸಿ ಗಟ್ಟಿ ಮಾಡಬೇಕಿತ್ತು. ಉಪ್ಪುನೀರು ಹಾಕಿದರೆ ಒಳಗಿನ ಕಬ್ಬಿಣ ಕೊಳೆಯುತ್ತದೆ, ಸಿಹಿನೀರೇ ಬೇಕು. ಕೆಲಸ ಕೊಟ್ಟ ಕಂಟ್ರಾಕ್ಟರರು ಕೊಡುತ್ತೇವೆ ಎಂದಿದ್ದ ಟ್ಯಾಂಕಿನ ನೀರು ಅರ್ಧಕ್ಕರ್ಧ ಬರುತ್ತಿರಲಿಲ್ಲ. ಉಮ್ಮನ ಬಕೆಟ್ ಲೆಕ್ಕದಲ್ಲಿ ಮೋಲ್ಡ್ ಹಾಕುವುದೆಂದರೆ ಚಮಚದಲ್ಲಿ ಗದ್ದೆಗೆ ನೀರು ಬಿಟ್ಟಂತೆ.

ನಮ್ಮ ಸೀಮೆಯಲ್ಲಿ ಬೇಸಿಗೆಗೆ ಬಾವಿ ತಗ್ಗಿದರೆ ಏನು ಮಾಡುತ್ತೇವೆ? ಇನ್ನೆರಡು ಮಟ್ಟು ಆಳ ಮಾಡುತ್ತೇವೆ. ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯಲು ದೊಡ್ಡ ಡೀಸೆಲ್ ಮೋಟಾರು ಇಟ್ಟು ಕೆರೆಯ ತಳ ಕಾಣುವವರೆಗೆ ಎಳೆಯುತ್ತೇವೆ. ಕೆರೆ ಒಂದು ವಾರದಲ್ಲಿ ಮತ್ತೆ ಊರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಕೆಳಗೆ ಹೋದಷ್ಟೂ ನೀರು, ಎಳೆದಷ್ಟೂ ನೀರು. ಗುಡ್ಡ ನಮಗೆ ಕಲಿಸಿದ್ದು ಅಷ್ಟೇ. ನಾನು ಊರಿನಿಂದ ಅಂಥದೇ ಒಂದು ಸ್ಪ್ರಿಂಕ್ಲರ್ ಮೋಟಾರನ್ನು ಮಂಜಿಯಲ್ಲಿ ಹಾಕಿಸಿಕೊಂಡು ಬಂದಿದ್ದೆ. ಅದನ್ನು ತಂದಿದ್ದಕ್ಕೆ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಉಮ್ಮನ ಹತ್ತಿರ ಹೋಗಿ, "ಬಾವಿ ಆಳ ಮಾಡಿಸಿ, ಸುತ್ತ ಗಟ್ಟಿ ಕಟ್ಟೆ ಕಟ್ಟಿಸಿ ಕೊಡುತ್ತೇನೆ. ನಿಮಗೂ ನೀರಾಯಿತು, ನನಗೂ ಆಯಿತು" ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಬೇಡ ಮೋನೇ. ಅದರ ಕೆಳಗೆ ಕಡಲಿದೆ" ಎಂದರು. ನಮ್ಮ ಬ್ಯಾರಿಯಲ್ಲೂ ಮಗನಿಗೆ ಮೋನೇ ಎಂದೇ ಕರೆಯುವುದು. ನಾನು ನಕ್ಕೆ. ಮುದುಕಿಯ ನಂಬಿಕೆ, ಕೆಳಗೆ ಕಡಲಂತೆ, ಅದರ ಕೆಳಗೆ ಏನು ಆಮೆಯಾ ಎಂದುಕೊಂಡೆ. ಅವರು ಹೇಳಿದ್ದು ನಂಬಿಕೆಯ ಮಾತಾಗಿರಲಿಲ್ಲ. ಆ ಹವಳದ ನೆಲದೊಳಗೆ ಸುತ್ತಲೂ ಸಮುದ್ರದ ನೀರೇ ಇರುತ್ತದೆ, ಮಳೆಯ ಸಿಹಿನೀರು ಅದರ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಅದನ್ನು ದಾಟಿ ತೋಡಿದರೆ, ಜೋರಾಗಿ ಎಳೆದರೆ, ಕೆಳಗಿನ ಉಪ್ಪು ಮೇಲೆ ಬರುತ್ತದೆ. ದ್ವೀಪದ ಮಕ್ಕಳಿಗೂ ಗೊತ್ತಿದ್ದ ವಿಷಯ.

ಅದಾದ ವಾರಕ್ಕೆ ಉಮ್ಮನ ತಂಗಿಗೆ ಹುಷಾರು ತಪ್ಪಿ, ಅವರು ಮಗಳು ಮೊಮ್ಮಗಳನ್ನು ಕರೆದುಕೊಂಡು ದ್ವೀಪದ ಉತ್ತರದ ತುದಿಗೆ ಹೋದರು. ನಾಲ್ಕು ದಿನಕ್ಕೆ ಬರುತ್ತೇವೆ, ಮನೆ ಕಡೆ ನೋಡಿಕೋ ಮೋನೇ ಎಂದು ನನಗೇ ಹೇಳಿ ಹೋದರು. ಮರುದಿನ ಬೆಳಿಗ್ಗೆ ನಾನು ಅಣ್ಣನನ್ನು ಕರೆದು, "ಉಮ್ಮ ಒಪ್ಪಿದ್ರು. ಬಾವಿ ಆಳ ಮಾಡು" ಎಂದೆ.

"ಒಪ್ಪುದ್ರಾ?" ಎಂದು ಅವನು ಒಂದು ಸಲ ಕೇಳಿದ.

"ನಾನೇ ಮಾತಾಡಿದೀನಿ ಮಾರಾಯ, ಇಳಿ."

ಅವನು ಇಳಿದ. ಮೊದಲು ಮರಳು, ಆಮೇಲೆ ಹವಳದ ಗಟ್ಟಿ ಪದರ. ಮಧ್ಯಾಹ್ನದ ಹೊತ್ತಿಗೆ ಹಾರೆ ಪದರವನ್ನು ಒಡೆಯಿತು. ಅವನು ಕೆಳಗಿನ ಮೆತ್ತಗಿನ ಮರಳನ್ನು ಚಿಟಿಕೆ ಎತ್ತಿ ನಾಲಿಗೆಗೆ ಮುಟ್ಟಿಸಿದ. ಉಗಿದ. ಮತ್ತೆ ಮುಟ್ಟಿಸಿದ. ತಲೆ ಎತ್ತಿ, "ಸಾಬ್ರೇ, ರುಚಿ ಬದ್ಲಾಗೈತೆ. ಇಲ್ಲಿಗೆ ನಿಲ್ಸಣ. ಇದು ಸರಿ ಇಲ್ಲ ಕಣ್ರೀ" ಎಂದ.

ನನಗೆ ರೇಗಿತು. ಬಾವಿಯ ಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದೆ. "ನಿನ್ನ ನಾಲಿಗೆ ನಂಬ್ಕೊಂಡ್ರೆ ನಾನು ಮೋಲ್ಡ್ ಹಾಕಿದ ಹಾಗೇ! ಇನ್ನೆರಡಡಿ ಹೋಗು. ಹೋಗು ಅಂದ್ರೆ ಹೋಗು!" ಪಕ್ಕದ ಮನೆಗಳ ಹೆಂಗಸರು ಬೇಲಿಯ ಸಂದಿಯಿಂದ ನೋಡುತ್ತಿದ್ದರು. ಉಮ್ಮ ಮನೆಯನ್ನು ನನಗೆ ಒಪ್ಪಿಸಿ ಹೋಗಿದ್ದರಿಂದ ಯಾರೂ ತಡೆಯಲಿಲ್ಲ. ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿ, ಬಗ್ಗಿ ಹಾರೆ ಹಾಕಿದ.

ನೀರು ಬಂತು. ಭುಸ್ಸೆಂದು ಬಂತು, ಅವನ ಸೊಂಟದವರೆಗೆ ಬಂತು. ನಾಲ್ವರು ಗಾರೆಯವರು ಶಿಳ್ಳೆ ಹಾಕಿದರು. ನಾನು ಒಂದು ಬೊಗಸೆ ಕುಡಿದೆ, ಸಿಹಿಯಾಗಿಯೇ ಇತ್ತು. "ಏನಣ್ಣೋ, ಎಲ್ಲಿ ನಿನ್ನ ರುಚಿ?" ಎಂದು ಅಣಕಿಸಿದೆ. ಅವನು ನಗಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಮೋಟಾರು ಇಟ್ಟು ಮೋಲ್ಡ್ ಶುರು ಮಾಡಿದೆವು. ಮಧ್ಯಾಹ್ನದವರೆಗೆ ಎಳೆದೆ. ಅದರ ಮರುದಿನ ತಾರಸಿಗೆ ನೀರು ಕುಡಿಸಲು ಮತ್ತೆ ಎಳೆದೆ. ಮೂರನೆಯ ದಿನ ಬೆಳಿಗ್ಗೆ ಚಹಾ ಕಾಸಿದವನು ಒಂದು ಗುಟುಕು ಕುಡಿದು ಉಗಿದ. ಹಾಲು ಒಡೆದಿರಬೇಕು ಎಂದ. ಹಾಲು ಒಡೆದಿರಲಿಲ್ಲ.

ಉಮ್ಮ ವಾಪಸ್ ಬಂದಾಗ ನಾನು ತಾರಸಿಯ ಮೇಲಿದ್ದೆ. ಅವರು ಬಾವಿಯನ್ನು ನೋಡಿದರು. ಬಕೆಟ್ ಇಳಿಸಿ ಸೇದಿದರು, ಕೈಯಲ್ಲಿ ತೆಗೆದುಕೊಂಡು ಬಾಯಿಗೆ ಹಾಕಿದರು. ಕೂಗಲಿಲ್ಲ, ಅಳಲಿಲ್ಲ. ಬಕೆಟ್ಟಿನ ನೀರನ್ನು ಮರಳಿಗೆ ಸುರಿದು, ಬಕೆಟ್ಟನ್ನು ಬೋರಲು ಹಾಕಿ ಒಳಗೆ ಹೋದರು. ಅವರು ನಾಲ್ಕು ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ಜಗಳದಲ್ಲಿ ಎಲ್ಲಾದರೂ ನಿಜ ಬಾಯಿಗೆ ಬಂದುಬಿಡುತ್ತಿತ್ತೋ ಏನೋ.

ಮರುದಿನ ಹಿರಿಯರು ಮಸೀದಿಯ ಅಂಗಳದಲ್ಲಿ ಸೇರಿದರು. ನಾನು ಅವರ ಜೊತೆ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅದೇ ಅಂಗಳದಲ್ಲಿ ಕೂತೆ. ಉಮ್ಮ ಒಂದು ಬದಿಗೆ ಮಗಳ ಜೊತೆ ಕೂತಿದ್ದರು. ಅಣ್ಣನನ್ನು ಕರೆಸಿ ನನ್ನ ಪಕ್ಕ ಕೂರಿಸಿದರು. ಒಬ್ಬ ಹಿರಿಯರು ನನ್ನನ್ನು ಕೇಳಿದರು: ಬೇಡ ಎಂದು ಉಮ್ಮ ನಿನಗೆ ಹೇಳಿದ್ದರಂತೆ, ಹೌದಾ?

ಹೌದು ಎಂದೆ. ಆ ಹೌದು ಎಂದ ಕ್ಷಣಕ್ಕೆ ನನಗೆ ಎಲ್ಲವೂ ಕಣ್ಣ ಮುಂದೆ ಬಂತು. ನನ್ನ ಪರವಾನಗಿ ಹೋಗುತ್ತದೆ, ಅರ್ಧ ಕಟ್ಟಿದ ಕಟ್ಟಡ ಇಲ್ಲೇ ನಿಲ್ಲುತ್ತದೆ, ಸಕಲೇಶಪುರದಲ್ಲಿ ಆ ಸಾಹುಕಾರರು, ನೋಡ್ರಪ್ಪಾ ಅಲ್ಲೂ ಹೋಗಿ ಕೆಡವಿಬಂದ ಎಂದು ನಗುತ್ತಾರೆ. ಹೆದರಿದೆ. ಹೆದರಿದೆ ಎನ್ನುವುದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. "ನಾನು ಇವನಿಗೆ ಬೇಡ ಎಂದೇ ಹೇಳಿದ್ದೆ. ಇವನು ಗುಡ್ಡದವನು, ಬಾವಿ ತೋಡುವುದು ಇವನ ಕಸುಬು, ನನ್ನ ಮಾತು ಕೇಳದೆ ಇಳಿದುಬಿಟ್ಟ" ಎಂದೆ.

"ನೀನು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದೆಯಂತೆ. ಹೆಂಗಸರು ನೋಡಿದ್ದಾರೆ."

"ನಿಲ್ಲಿಸು ಎಂದೇ ಕೂಗಿದ್ದು."

"ಮೋಟಾರು?"

"ಕೆಟ್ಟ ನೀರನ್ನು ಖಾಲಿ ಮಾಡಿದರೆ ಬಾವಿ ಸರಿಹೋಗಬಹುದು ಎಂದು ಹಾಕಿದೆ."

ನಾನು ಕನ್ನಡದಲ್ಲಿ ಕೂಗಿದ್ದು ಅಲ್ಲಿ ಯಾರಿಗೆ ಅರ್ಥವಾಗಬೇಕು? ನಾಲ್ವರು ಗಾರೆಯವರಿಗೆ ಅರ್ಥವಾಗಿತ್ತು, ಅವರಿಗೆ ಈ ಮಾತು ಬರುತ್ತಿರಲಿಲ್ಲ. ಬಂದಿದ್ದರೂ ನನ್ನ ಕೈಕೆಳಗಿನವರು, ಬಾಯಿ ಬಿಡುತ್ತಿರಲಿಲ್ಲ. ಹಿರಿಯರು ಅಣ್ಣನ ಕಡೆ ತಿರುಗಿದರು. ಹೀಗೆ ಮಾಡಬಹುದಾ, ನಿನಗೆ ಅನ್ನ ಕೊಟ್ಟ ಮನೆಯ ನೀರಲ್ಲವಾ ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ. ನಾನು ಕನ್ನಡದಲ್ಲಿ, "ಬಾವಿ ನೀನೇ ತೋಡಿದ್ದಾ ಅಂತ ಕೇಳ್ತಾ ಇದಾರೆ. ಹೌದು ಅನ್ನು" ಎಂದೆ.

ಅವನು ಎದ್ದು ನಿಂತು ಉಮ್ಮನ ಕಡೆ ಕೈ ಮುಗಿದು, "ಹೌದಮ್ಮ, ನಾನೇ ತೋಡಿದ್ದು" ಎಂದ. ತಲೆಯನ್ನೂ ಆಡಿಸಿದ. ಉಮ್ಮ ಅವನನ್ನು ಒಂದು ಸಲ ನೋಡಿ ಮುಖ ತಿರುಗಿಸಿಕೊಂಡರು. ಅದನ್ನು ನಾನು ನೋಡಿದೆ. ನೋಡಿಯೂ ಸುಮ್ಮನೆ ಕೂತಿದ್ದೆ. ಥೂ ನನ್ನ ಜನ್ಮಕ್ಕೆ.

ಮುಂದಿನ ಹಡಗಿಗೆ ಅವನನ್ನು ಕಳಿಸಬೇಕು, ಉಳಿದವರು ಕೆಲಸ ಮುಗಿಸಿ ಹೋಗಬಹುದು ಎಂದು ಹಿರಿಯರು ತೀರ್ಮಾನ ಮಾಡಿದರು. ಅವನಿಗೆ ನಾನು, "ಮಣ್ಣಿನ ಕೆಲಸ ಮುಗೀತಲ್ಲ ಅಣ್ಣ, ನೀನು ಊರಿಗೆ ಹೋಗು" ಎಂದೆ. ಹಡಗಿಗೆ ಇನ್ನೂ ಐದು ದಿನ ಇತ್ತು. ನಡುವೆ ಒಂದು ಸೋಮವಾರ ಬಂತು. ಗಂಜಿ ಬರಲಿಲ್ಲ. ಅವನು ಬೇಲಿಯ ಕಡೆಗೆ ಒಂದೆರಡು ಸಲ ನೋಡಿ, ಅನ್ನಕ್ಕೆ ಉಪ್ಪು ಕಲಸಿಕೊಂಡು ತಿಂದ.

ಅವನು ಹೋದ ಮೇಲೆ ನಾನು ಇನ್ನೂ ಮೂರು ವಾರ ಅಲ್ಲಿದ್ದೆ. ಉಮ್ಮನ ಮಗಳು ದೂರದ ಮನೆಯೊಂದರಿಂದ ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದಳು. ಆ ನೀರಿನಲ್ಲಿ ಚಹಾ ಮಾಡಿ ಉಮ್ಮ ನನಗೆ ಕಳಿಸುತ್ತಿದ್ದರು. ಹೌದು, ನನಗೆ. ಪಾಪ, ಎಂಥ ಆಳು ಕಟ್ಟಿಕೊಂಡು ಕಷ್ಟಪಡುತ್ತಿದ್ದಾನೆ ಎಂದು ನನ್ನ ಮೇಲೆ ಕನಿಕರ ಅವರಿಗೆ. ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ. ಮೂರು ವಾರ ದಿನಾ ಕುಡಿದೆ. ಗ್ಲಾಸನ್ನು ತೊಳೆಯಲು ನೀರು ದಂಡ ಮಾಡಬೇಡ ಮೋನೇ, ಹಾಗೇ ಕೊಡು ಎನ್ನುತ್ತಿದ್ದರು.

ಊರಿಗೆ ಬಂದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಹಾನುಬಾಳಿನ ಹೋಟೆಲಿನಲ್ಲಿ ಯಾರೋ, "ಹೆಗ್ಗದ್ದೆಯೋನು ಯಾಕ್ ಮೊದ್ಲೇ ಬಂದ್ಬುಟ್ಟ?" ಎಂದು ಕೇಳಿದಾಗ, ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದೆ. ಒಂದು ಸಲ ಹೇಳಿದ ಸುಳ್ಳು ಎರಡನೆಯ ಸಲ ಸಲೀಸಾಗಿ ಬರುತ್ತದೆ. ಬಾವಿ ಕೆಡಿಸಿಬಿಟ್ಟ, ಕಳಿಸಬೇಕಾಯ್ತು ಎಂದೆ. ಜೀಪಿನಲ್ಲಿ, ಬಸ್ಸಿನಲ್ಲಿ ಮಾತು ನಾಲ್ಕು ಊರಿಗೆ ಹೋಯಿತು. ನಾಲ್ವರು ಗಾರೆಯವರು ಇಲ್ಲ ಎನ್ನಲಿಲ್ಲ. ಅವರಿಗೆ ನಾಳೆಯೂ ನನ್ನ ಹತ್ತಿರ ಕೆಲಸ ಬೇಕು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವನನ್ನು ಬಾವಿಗೆ ಕರೆಯುವವರು ಇಲ್ಲವಾದರು.

ಇದು ನನಗೆ ಗೊತ್ತಾಗಿದ್ದು ವನಗೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ. ಅಲ್ಲಿನ ಯಜಮಾನರು ಹೊಸ ಬಾವಿ ತೆಗೆಸಬೇಕು, ಒಳ್ಳೇ ಆಳು ಇದ್ದರೆ ಹೇಳಿ ಎಂದರು. ಹೆಗ್ಗದ್ದೆಯವನನ್ನು ಕರೆಯಿರಿ ಎಂದೆ. ಪಕ್ಕದಲ್ಲಿದ್ದ ರೈಟರ್, "ಅಯ್ಯಯ್ಯೋ, ಆ ಸಮುದ್ರ ತೋಡ್ದೋನಾ? ಘಟ್ಟದ ಮೇಲೂ ಉಪ್ಪುನೀರು ತರ್ಸ್ಬುಡ್ತಾನೆ ಬುಡಿ ಸಾರ್!" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನನ್ನ ನಗು ನನಗೇ ಕೇಳಿಸಿತು. ಕೆಲಸದ ಮಾತು ಅರ್ಧಕ್ಕೇ ಬಿಟ್ಟು ಅಲ್ಲಿಂದ ನೇರ ಹೆಗ್ಗದ್ದೆಗೆ ಹೋದೆ.

ಅವನು ಮನೆಯ ಮುಂದೆ ಸೌದೆ ಸೀಳುತ್ತಿದ್ದ. ಯಾರದೋ ತೋಟದಲ್ಲಿ ಮರ ಕಡಿಯುವ ಕೂಲಿಗೆ ಹೋಗಿ ಬಂದಿದ್ದನಂತೆ. ಸೊರಗಿದ್ದ. "ಬನ್ನಿ ಸಾಬ್ರೇ" ಎಂದು ಚಾಪೆ ಹಾಸಿದ. ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಉಮ್ಮ ಒಪ್ಪಿರಲಿಲ್ಲ, ಮಸೀದಿಯ ಅಂಗಳದಲ್ಲಿ ನಾನು ಹೇಳಿದ್ದು ಇದು, ನೀನು ಹೌದು ಎಂದಿದ್ದು ಇದಕ್ಕೆ. ಅವನು ಕೊಡಲಿಯನ್ನು ಗೋಡೆಗೆ ಒರಗಿಸಿ ಕೇಳಿದ. ಅವನ ಮುಖ ಬದಲಾಗಲಿಲ್ಲ.

"ಗೊತ್ತು" ಎಂದ.

"ಹೆಂಗೆ ಗೊತ್ತು? ಭಾಷೆ ಬರಲ್ವಲ್ಲ ನಿಂಗೆ."

"ಆ ಅಮ್ಮ ಮುಖ ತಿರುಗಿಸ್ಕಂಡ್ರಲ್ಲ. ಅದ್ಕೂ ಭಾಷೆ ಬೇಕಾ?"

"ಮತ್ತೆ ಯಾಕಣ್ಣ ಸುಮ್ನಿದ್ದೆ?"

"ಏನ್ ಮಾಡ್ಲಿ ಸಾಬ್ರೇ? ಸುತ್ತ ನೀರು. ನೀವು ಕೈ ಬುಟ್ರೆ ನಾನು ಎತ್ಲಾಗ್ ಹೋಗ್ಲಿ? ಕೂಗಾಡಿದ್ರೂ ನನ್ ಮಾತ ಅವ್ರಿಗೆ ಹೇಳ್ಬೇಕಾದೋರು ನೀವೇ."

ತಪ್ಪಾಯಿತು ಎಂದೆ. ಅವನು, "ಅಮ್ಮನ್ ಬಾವಿ ಸಿಹಿಯಾಯ್ತಾ?" ಎಂದು ಕೇಳಿದ. ಇಲ್ಲ ಎಂದೆ. ಪ್ರತಿ ಹಬ್ಬಕ್ಕೂ ಉಮ್ಮನ ಮೊಮ್ಮಗಳು ನನಗೆ ಫೋನ್ ಮಾಡುತ್ತಿದ್ದಳು. ಎರಡು ಮಳೆಗಾಲ ಕಳೆದರೂ ನೀರು ಪಾತ್ರೆ ತೊಳೆಯಲಷ್ಟೇ ಆಗುತ್ತದೆ ಎಂದು ಹೋದ ಹಬ್ಬದಲ್ಲಿ ಹೇಳಿದ್ದಳು. ಅವನು ನೆಲ ನೋಡಿದ. "ಹೇಳ್ಬುಡಿ ಸಾಬ್ರೇ. ನಂಗಲ್ಲ, ಅವ್ರಿಗೆ. ಈಗ್ಲೇ ಹೇಳಿ" ಎಂದ.

ಹೆಗ್ಗದ್ದೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ರಸ್ತೆಯ ತಿರುವಿನಲ್ಲಿ ಮಾತ್ರ. ಇಬ್ಬರೂ ಅಲ್ಲಿಯವರೆಗೆ ನಡೆದೆವು. ಮೊಮ್ಮಗಳಿಗೆ ಫೋನ್ ಮಾಡಿ, ಉಮ್ಮನಿಗೆ ಕೊಡು ಎಂದೆ. ಉಮ್ಮನ ದನಿ ಸೋತಿತ್ತು. "ಹೇಗಿದ್ದೀ ಮೋನೇ?" ಎಂದರು. ನಾನು ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವನು ನಿಲ್ಲಿಸೋಣ ಎಂದಿದ್ದು, ನಾನು ಹೋಗು ಎಂದು ಕೂಗಿದ್ದು, ಎಲ್ಲ. ಆಮೇಲೆ ಉಮ್ಮ, "ಅವನು ನಿನ್ನ ಹತ್ತಿರ ಇದ್ದಾನಾ?" ಎಂದು ಕೇಳಿದರು. ಇದ್ದಾನೆ ಎಂದೆ. "ಅವನಿಗೆ ಕೊಡು" ಎಂದರು. ಈ ಸಲ ಮೋನೇ ಎನ್ನಲಿಲ್ಲ.

ಅಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡ. ಉಮ್ಮ ಏನೋ ಹೇಳುತ್ತಲೇ ಇದ್ದರು, ಎರಡು ಮೂರು ನಿಮಿಷ. ದನಿ ಏರಿ ಇಳಿಯುವುದು ಕೇಳುತ್ತಿತ್ತು, ಮಾತು ನನಗೆ ಕೇಳಿಸುತ್ತಿರಲಿಲ್ಲ. ಅವನಿಗೆ ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನಡುನಡುವೆ "ಹೂಂ ಅಮ್ಮ", "ಆಯ್ತಮ್ಮ" ಎನ್ನುತ್ತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆ ಕಡೆ ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ.

"ಇನ್ನೊಂದ್ ಸಲ ಮಾಡ್ತೀನಿ ಅಣ್ಣ" ಎಂದೆ. "ಏನಂದ್ರು ಅಂತ ಕೇಳಿ ನಿಂಗೆ ಕನ್ನಡದಲ್ಲಿ ಹೇಳ್ತೀನಿ."

ಅವನು ಫೋನನ್ನು ನನ್ನ ಕೈಗೆ ಕೊಟ್ಟ.

"ಬೇಡ ಸಾಬ್ರೇ" ಎಂದ. "ನೀವು ಹೇಳ್ಬೇಡಿ."